ಹಾಲಮ್ಮನ ಕೈಗುಣ

ನಮ್ಮೂರಿಗೆ ಹೊಸಬರು ಬಂದರೆ ನೀರು ಕೊಡುವ ಮೊದಲೇ ಒಂದು ಮಾತು ಹೇಳುತ್ತೇವೆ: ಯಾರ ಮನೆಯ ಟಿವಿಗೂ ಹೊಡೆಯಬೇಡಿ. ಬೇಕಾದರೆ ಬಾಗಿಲಿಗೆ ಒದೆಯಿರಿ, ಎಮ್ಮೆಗೆ ಬೈಯಿರಿ, ನಮ್ಮ ಪಂಚಾಯಿತಿ ಅಧ್ಯಕ್ಷ ತಿಪ್ಪೇಶಿಯನ್ನು ಅವನ ಎದುರಿಗೇ ಸೋಮಾರಿ ಎನ್ನಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಟಿವಿ, ರೇಡಿಯೊ, ಮಿಕ್ಸಿ, ಫ್ಯಾನು, ಹೀಗೆ ಕರೆಂಟಿನಲ್ಲಿ ಓಡುವ ಯಾವುದರ ಮೇಲೂ ಕೈ ಎತ್ತಬೇಡಿ. ಆ ಯಂತ್ರ ಕೆಟ್ಟು ಹೊರಗೆ ಬಿದ್ದ ದಿನ, ಅದಕ್ಕೆ ಕೊನೆಯ ಏಟು ಹಾಕಿದವರು ಯಾರೋ ಅವರ ಮನೆಗೆ ಹೋಗುತ್ತದೆ. ಬೆಳಗ್ಗೆ ಎದ್ದು ಕದ ತೆಗೆದರೆ ಜಗಲಿಯ ಮೇಲೆ ಕೂತಿರುತ್ತದೆ.

ಅದು ಹೇಗೆ ಬರುತ್ತದೆ ಎಂದು ಯಾರೂ ನೋಡಿಲ್ಲ. ನೋಡಲೆಂದು ಕೂತವರಿಗೆ ನಿದ್ದೆ ಬಂದುಬಿಡುತ್ತದೆ. ಕೆರೆಗೆ ಎಸೆದರೆ ಮೈಯೆಲ್ಲ ಒದ್ದೆಯಾಗಿ ಬರುತ್ತದೆ. ಗುಜರಿಯವನಿಗೆ ಕೊಟ್ಟರೆ ಗುಜರಿಯವನ ಊರಿನಿಂದಲೂ ಬರುತ್ತದೆ. ಆ ಮನುಷ್ಯ ಒಂದೆರಡು ಸಲ ಮೋಸಹೋಗಿ, ಈಗ ನಮ್ಮೂರ ದಾರಿಗೆ ಗಾಡಿಯನ್ನೇ ತಿರುಗಿಸುವುದಿಲ್ಲ. ಪೂರ್ತಿ ಬಿಚ್ಚಿ, ತಾಮ್ರ ಬೇರೆ ಗಾಜು ಬೇರೆ ಮಾಡಿದರೆ ಮಾತ್ರ ಮತ್ತೆ ಬರುವುದಿಲ್ಲ. ಹಿಂದೊಮ್ಮೆ ಕೆಲವರು ಅದನ್ನೂ ಮಾಡಿದರು. ಕೆರೆಯ ಹಿಂದೆ ಕೂತು ಸುತ್ತಿಗೆಯಲ್ಲಿ ಒಡೆದು, ತಂತಿ ಸುಟ್ಟರು. ಆ ವರ್ಷ ಕೆರೆಯ ಮೀನು ಹೊಟ್ಟೆ ಮೇಲಾಗಿ ತೇಲಿತು. ಸುಟ್ಟವರು ಊಟಕ್ಕೆ ಕೂತರೂ ಕೆಮ್ಮು, ಮಲಗಿದರೂ ಕೆಮ್ಮು. ಆಮೇಲೆ ಊರು ಕೂತು ಕಟ್ಟುನಿಟ್ಟು ಮಾಡಿತು: ಒಡೆಯುವಂತಿಲ್ಲ, ಸುಡುವಂತಿಲ್ಲ, ಹೊಡೆದವರು ಇಟ್ಟುಕೊಳ್ಳಬೇಕು. ತಂತಿಯಲ್ಲಿ ಜೋಡಿಸಿದ್ದೆಲ್ಲ ಒಂದೇ ಏಟಿನ ಲೆಕ್ಕ ಎಂಬುದು ಸ್ವಲ್ಪ ತಡವಾಗಿ ಗೊತ್ತಾಯಿತು. ನನ್ನ ಪಕ್ಕದ ಮನೆಯ ಹಾಲಮ್ಮ ತಿಪ್ಪೇಶಿಯ ಟಿವಿಗೆ ಕೊಟ್ಟ ಒಂದು ಏಟಿಗೆ ಟಿವಿ ಬಂತು, ಅದರ ಹಿಂದೆ ಸ್ಟೆಬಿಲೈಸರ್, ಡಿಶ್ಶಿನ ಡಬ್ಬಿ ಎಲ್ಲ ಮದುವೆ ದಿಬ್ಬಣದಂತೆ ಸಾಲಾಗಿ ಬಂದು ಕೂತವು.

ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವನು. ನವಾರು ಹೆಣೆದು ಮಂಚ ಮಾಡುವುದು ನನ್ನ ಕಸುಬು. ಊರವರು ಮಂಚದಜ್ಜ ಎನ್ನುತ್ತಾರೆ. ಹೊಡೆಯುವ ಸ್ವಭಾವ ನನ್ನದಲ್ಲ. ನನ್ನ ಹಳೇ ರೇಡಿಯೊ ಹಾಡಿನ ನಡುವೆ ಸುಮ್ಮನಾದರೆ ನಾನೂ ಸುಮ್ಮನಿರುತ್ತೇನೆ, ಅದಕ್ಕೆ ಮನಸ್ಸು ಬಂದಾಗ ಮುಂದಿನದು ಹಾಡುತ್ತದೆ. ಇದರಿಂದ ತಿಪ್ಪೇಶಿಗೆ ಒಂದು ಚಿಂತೆ. ಏಟು ತಿನ್ನದ ಯಂತ್ರ ಯಾರ ಮನೆಗೂ ಹೋಗುವುದಿಲ್ಲ, ಬಿದ್ದಲ್ಲೇ ಬಿದ್ದಿರುತ್ತದೆ. ಅಂಥದ್ದು ಪಂಚಾಯಿತಿಗೆ ಸೇರಬೇಕೆಂದು ಕಾಯ್ದೆ. "ಅಜ್ಜ, ನಿನ್ನ ಕಾಲ ಆದಮೇಲೆ ಆ ಡಬ್ಬಿ ನನ್ನ ತಲೆಗೆ ಬರ್ತತೆ. ಒಂದೇ ಒಂದು ಏಟು ಹಾಕಿಬಿಡು, ಪುಣ್ಯ ಬರ್ತತೆ," ಎಂದು ದಾರಿಯಲ್ಲಿ ಸಿಕ್ಕಾಗೆಲ್ಲ ಅನ್ನುತ್ತಾನೆ. ನಾನು ನಕ್ಕು ಮುಂದೆ ಹೋಗುತ್ತೇನೆ.

ಈ ಹಾಲಮ್ಮ ನನಗೆ ತದ್ವಿರುದ್ಧ. ಅವಳ ಕೈಗುಣ ಹಾಗಿತ್ತು. ಕೆಲವು ವೈದ್ಯರು ಮುಟ್ಟಿದರೆ ಜ್ವರ ಇಳಿಯುತ್ತದೆ ಎನ್ನುತ್ತಾರಲ್ಲ, ಹಾಲಮ್ಮ ಹೊಡೆದರೆ ಕೆಟ್ಟ ಟಿವಿ ಎದ್ದು ಕೂರುತ್ತಿತ್ತು. ಬಲಗೈ ಅಗಲಿಸಿ, ಪಕ್ಕೆಗೆ ಒಂದು, ನೆತ್ತಿಗೆ ಒಂದು. ಆಮೇಲೆ ಅದು ವರ್ಷಗಟ್ಟಲೆ ಓಡುತ್ತಿತ್ತು. ಊರಿನ ಯಾವ ಮನೆಯಲ್ಲಿ ಚಿತ್ರ ನಡುಗಿದರೂ, ಮಿಕ್ಸಿ ಮುನಿಸಿಕೊಂಡರೂ, "ಹಾಲಮ್ಮಕ್ಕ, ಸ್ವಲ್ಪ ಬಂದು ಹೋಗೇ" ಎಂದು ಕರೆಯುತ್ತಿದ್ದರು. ಇಲ್ಲ ಎನ್ನಲು ಅವಳಿಗೆ ಬರುತ್ತಿರಲಿಲ್ಲ. ಅವಳು ಹೊಡೆದ ಯಂತ್ರಗಳು ಕೊನೆಗೊಂದು ದಿನ ಸಾಯಲೇಬೇಕಲ್ಲ. ಸತ್ತದ್ದೆಲ್ಲ ಅವಳ ಜಗಲಿಗೆ ಬಂತು. ಜಗಲಿ ತುಂಬಿ ಪಡಸಾಲೆ, ಪಡಸಾಲೆ ತುಂಬಿ ಅಡುಗೆಮನೆ. ಟಿವಿಗಳ ಮೇಲೆ ಹಿಟ್ಟಿನ ಡಬ್ಬಿ ಇಟ್ಟಳು, ವಾಷಿಂಗ್ ಮೆಷಿನ್ನಿನಲ್ಲಿ ಭತ್ತ ತುಂಬಿದಳು, ಕಂಪ್ಯೂಟರಿನ ಬುರುಡೆಯಲ್ಲಿ ಕೋಳಿ ಕಾವಿಗೆ ಕೂರಿಸಿದಳು. ರಾತ್ರಿ ಎರಡು ಫ್ರಿಜ್ಜುಗಳ ನಡುವೆ ಓರೆಯಾಗಿ ಮಲಗುತ್ತಿದ್ದಳು. ಯಾರನ್ನೂ ದೂರಲಿಲ್ಲ.

ದೂರಿದ್ದು ಮಗಳು ತಾರಾ ಬಸುರಿಯಾದಾಗ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಷ್ಟೆ. ಬೀಗಿತಿ ದಾಕ್ಷಾಯಣಮ್ಮ ಬಾಣಂತನದ ಕೋಣೆ ಹೇಗಿದೆ ನೋಡೋಣವೆಂದು ಬಂದರು. ಕೂರಲು ಕುರ್ಚಿ ಹುಡುಕಿ, ಸಿಗದೆ, ಒಂದು ಟಿವಿಯ ಮೇಲೆಯೇ ಕೂತರು. ಸುತ್ತ ನೋಡಿದರು. ಮೂಲೆಯಲ್ಲಿ ಹಳೇ ಬ್ಯಾಟರಿಗಳಿಂದ ಹಸಿರು ನೀರು ಒಸರುತ್ತಿತ್ತು, ಮೂಗಿಗೆ ಹುಳಿ ವಾಸನೆ ಹೊಡೆಯುತ್ತಿತ್ತು.

"ಬೀಗರೆ, ಇಲ್ಲಿ ನನ್ನ ಸೊಸೆ ಹೆರಬೇಕಾ? ಇಲಿ ಹೆರೋಕೂ ಇಲ್ಲಿ ಜಾಗ ಇಲ್ಲ."

"ಜಾಗ ಮಾಡ್ತೀನಿ," ಎಂದಳು ಹಾಲಮ್ಮ.

"ಮಾಡಿದ ಮೇಲೆ ಹೇಳಿ ಕಳಿಸಿ. ಅಲ್ಲೀವರೆಗೂ ಹುಡುಗಿ ನಮ್ಮನೇಲೇ ಇರ್ತಾಳೆ. ಈ ವಾಸ್ನೇಲಿ ನಾನು ಮಗೂನ ಬಿಡಲ್ಲ."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಹಾಲಮ್ಮ ಅಂದು ಸಂಜೆ ನನ್ನ ಜಗಲಿಯಲ್ಲಿ ಕೂತು ಅತ್ತಳು. ಬಾಣಂತಿಗೆಂದು ನಾನು ಆಗಲೇ ಮಂಚ ಹೆಣೆದಿಟ್ಟಿದ್ದೆ, ಕೆಳಗೆ ಕೆಂಡದ ಅಗ್ಗಿಷ್ಟಿಕೆ ತಳ್ಳಲು ಬರುವಂತೆ ಕಾಲು ಸ್ವಲ್ಪ ಎತ್ತರ. ಆ ಮಂಚವನ್ನು ಸವರುತ್ತಾ, "ಇದನ್ನ ಎಲ್ಲಿ ಇಡ್ಲಿ ಅಜ್ಜ," ಎಂದಳು. "ನಾನು ಯಾರ ಮನೇಗೂ ಬರಲ್ಲ ಅಂದವಳಲ್ಲ. ಈಗ ನನ್ನ ಮಗಳು ನನ್ನ ಮನೇಗೆ ಬರಂಗಿಲ್ಲ."

ಊರು ಕೂತಿತು. ಮನೆಗೊಬ್ಬರು ಹೋಗಿ, ಒಂದೊಂದು ಯಂತ್ರಕ್ಕೆ ಒಂದೊಂದು ಏಟು ಹಾಕಿ, ತಮ್ಮ ಪಾಲಿಗೆ ತೆಗೆದುಕೊಳ್ಳಬೇಕೆಂದು ತೀರ್ಮಾನವಾಯಿತು. ಎಲ್ಲರೂ ಒಪ್ಪಿದರು. ಮರುದಿನ ಎಲ್ಲರೂ ಬಂದರು ಕೂಡ. ಕೈ ಎತ್ತಿದರು. ಎತ್ತಿದ ಕೈಯಲ್ಲಿ ತಲೆ ಕೆರೆದುಕೊಂಡು, ಹೆಂಡತಿಯನ್ನು ಒಂದು ಮಾತು ಕೇಳಿ ಬರುತ್ತೇನೆಂದು ಹೋದರು. ಹಾಲಮ್ಮನಿಗೆ ಒಳಗೇ ನಗು. ನಾನು ಕೈ ಎತ್ತಿದಾಗ ಮಾತ್ರ ಮಣಿಕಟ್ಟು ಹಿಡಿದುಕೊಂಡಳು. "ನೀನು ಸುಮ್ನಿರಜ್ಜ. ನಿನ್ನ ಮನೇಲಿ ಮಂಚ ನಿಲ್ಸೋಕೇ ಜಾಗ ಇಲ್ಲ. ಇಷ್ಟು ವಯಸ್ಸಾದ ಮೇಲೆ ಹೊಡೆಯೋದು ಕಲೀತೀಯಾ?"

ಇದೇ ಹೊತ್ತಿಗೆ ರಾಜಧಾನಿಯಿಂದ ಹೊಸ ಕಾಯ್ದೆ ಬಂತು. ತಿಪ್ಪೇಶಿ ಅರಳಿಕಟ್ಟೆಯಲ್ಲಿ ನಿಂತು ಓದಿದ. ಅದರ ಸಾರ ಇಷ್ಟು: ಯಂತ್ರ ಮಾಡಿದವರೇ ಅದು ಸತ್ತ ಮೇಲೆ ಮರಳಿ ಒಯ್ಯಬೇಕು, ಯಾರಿಗೂ ತೊಂದರೆಯಾಗದಂತೆ ಬಿಚ್ಚಿ ಮುಗಿಸಬೇಕು. ಕೇಳಿ ನಮಗೆಲ್ಲ ಬಹಳ ಒಳ್ಳೆಯ ಕಾಯ್ದೆ ಅನ್ನಿಸಿತು. ತೊಂದರೆ ಒಂದೇ. ನಮ್ಮೂರಿನ ಯಂತ್ರಗಳಿಗೆ ಓದಲು ಬರುವುದಿಲ್ಲ. ಅವು ಹೊಡೆದವರ ಮನೆಗೆ ಹೋಗುತ್ತವೆಯೇ ಹೊರತು ಮಾಡಿದವರ ಮನೆಗಲ್ಲ.

ಕಾಯ್ದೆಯ ಹಿಂದೆಯೇ ನಮ್ಮೂರಿನ ಯಂತ್ರಗಳನ್ನೆಲ್ಲ ಮಾಡಿ ಮಾರಿದ ಕಂಪನಿಯ ಸಾಹೇಬರು ಬಂದರು. ಹೆಸರು ಪ್ರಫುಲ್ಲಚಂದ್ರ. ಅಂಥ ಸೌಮ್ಯ ಮನುಷ್ಯನನ್ನು ನಾನು ಕಂಡಿಲ್ಲ. ನಾಯಿಗೂ ದಯವಿಟ್ಟು ಪಕ್ಕಕ್ಕೆ ಸರಿ ಎನ್ನುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಹಸಿರು ಬಣ್ಣದ ದೊಡ್ಡ ಪೆಟ್ಟಿಗೆ ಇಡಿಸಿ, ಕೆಟ್ಟದ್ದನ್ನೆಲ್ಲ ಇದರಲ್ಲಿ ಹಾಕಿ ಎಂದರು. ಹಾಲಮ್ಮ ಅವತ್ತೇ ಒಂದು ಟಿವಿ ಹೊತ್ತುಕೊಂಡು ಹೋಗಿ ಹಾಕಿದಳು. ಸಂಜೆ ಕಂಪನಿಯ ವ್ಯಾನು ಬಂದು, ತೂಕ ಹಾಕಿ, ದೂರದ ಗೋಡೌನಿಗೆ ಒಯ್ದಿತು. ಬೆಳಗ್ಗೆ ಟಿವಿ ಹಾಲಮ್ಮನ ಜಗಲಿಯಲ್ಲಿತ್ತು. ಬಿಚ್ಚಿದ್ದರೆ ಬರುತ್ತಿರಲಿಲ್ಲ. ಗೋಡೌನಿನಲ್ಲಿ ಬಿಚ್ಚುವವರು ಯಾರೂ ಇರಲಿಲ್ಲ, ಬೀಗ ಹಾಕುವವನೊಬ್ಬನಿದ್ದ. ಅವಳು ಮತ್ತೆ ಒಯ್ದು ಹಾಕಿದಳು. ಮತ್ತೆ ತೂಕ, ಮತ್ತೆ ವ್ಯಾನು, ಮತ್ತೆ ಜಗಲಿ. ಹೀಗೆ ದಿನಾ ನಡೆಯಿತು. ಸಾಹೇಬರು ಮುಂದಿನ ಸಲ ಬಂದಾಗ ಹಾಲಮ್ಮ ಅವರನ್ನು ಪೆಟ್ಟಿಗೆಯ ಹತ್ತಿರ ನಿಲ್ಲಿಸಿಕೊಂಡಳು.

"ಸಾಹೇಬ್ರೆ, ಇದು ನಿನ್ನೆ ಕೊಟ್ಟ ಟಿವಿ. ಮೊನ್ನೆ ಕೊಟ್ಟಿದ್ದೂ ಇದೇ."

"ಒಂದೇ ಮಾದರಿಯವು ತುಂಬಾ ಇರುತ್ತವಮ್ಮ."

"ಇದರ ಬೆನ್ನ ಮೇಲೆ ನೋಡ್ರಿ. ನನ್ನ ಮಗಳು ಸಣ್ಣೋಳಿದ್ದಾಗ ಮದರಂಗಿ ಕೈ ಒತ್ತಿದ ಗುರುತು ಐತೆ."

"ಮದರಂಗಿ ತುಂಬಾ ಮನೆಗಳಲ್ಲಿ ಹಾಕ್ತಾರಲ್ಲಮ್ಮ," ಎಂದು ಕೈ ಮುಗಿದು ಹೋದರು.

ಯಾಕೆ ಹೋದರೆಂಬುದು ಆಮೇಲೆ ತಿಳಿಯಿತು. ದಿನಾ ತೂಕ ಹಾಕಿದ ಅದೇ ಒಂದು ಟಿವಿ ರಾಜಧಾನಿಯ ಲೆಕ್ಕದ ಪುಸ್ತಕದಲ್ಲಿ ದೊಡ್ಡ ರಾಶಿಯಾಗಿತ್ತು. ಕಂಪನಿ ನಮ್ಮೂರಿನಲ್ಲಿ ಮಾರಿದ್ದಕ್ಕಿಂತ ಹೆಚ್ಚು ಮರಳಿ ಒಯ್ದಿದೆ ಎಂದು ಸರ್ಕಾರದವರು ಬೆರಗಾಗಿ, ಸಾಹೇಬರಿಗೆ ಸನ್ಮಾನ ಮಾಡಲು ನಿಶ್ಚಯಿಸಿದ್ದರು. ಸನ್ಮಾನ ನಮ್ಮೂರಲ್ಲೇ, ಶಾಲೆಯ ಮೈದಾನದಲ್ಲಿ.

ಸುದ್ದಿ ಕೇಳಿ ಊರು ಮತ್ತೆ ಕೂತಿತು. ಒಬ್ಬರು ಸರ್ಕಾರಕ್ಕೆ ಅರ್ಜಿ ಬರೆಯೋಣ ಎಂದರು, ಇನ್ನೊಬ್ಬರು ಸಭೆಗೆ ಹೋಗುವುದೇ ಬೇಡ ಎಂದರು. ಹಾಲಮ್ಮ ಕಂಬಕ್ಕೆ ಒರಗಿ ಕೂತಿದ್ದವಳು ಮೆಲ್ಲಗೆ ಹೇಳಿದಳು. "ಎರಡು ಕಾಯ್ದೆ ಅದಾವೆ. ರಾಜಧಾನಿ ಕಾಯ್ದೆ ಪ್ರಕಾರ ಮಾಡಿದವನು ಒಯ್ಬೇಕು. ನಮ್ಮ ಕಾಯ್ದೆ ಪ್ರಕಾರ ಹೊಡೆದವನು ಒಯ್ಬೇಕು. ಮಾಡಿದವನ ಕೈಲೇ ಹೊಡೆಸಿಬಿಟ್ರೆ ಎರಡೂ ನಡೆದಂಗಾಯ್ತಲ್ಲ."

ತಿಪ್ಪೇಶಿ ತಲೆ ಅಲ್ಲಾಡಿಸಿ, "ಆ ಮನುಷ್ಯ ಸೊಳ್ಳೆಗೂ ಹೊಡೆಯಲ್ಲ ಕಣಕ್ಕ, ಊದಿ ಕಳಿಸ್ತಾನೆ," ಎಂದ.

ನಿಜವೇ. ಅವರು ಸನ್ಮಾನದ ಸಿದ್ಧತೆ ನೋಡಲು ಬಂದಾಗ, ಅವರ ಕೈ ಏಳುತ್ತದೋ ಇಲ್ಲವೋ ಎಂದು ನಾವು ಪರೀಕ್ಷೆ ಮಾಡಿದೆವು. ತಿಪ್ಪೇಶಿಯ ಮನೆಯ ಹೊಸ ಟಿವಿಯಲ್ಲಿ ಕ್ರಿಕೆಟ್ ಹಾಕಿ, ಕೊನೆಯ ಓವರಿಗೆ ಸರಿಯಾಗಿ ಚಿತ್ರ ನಡುಗುವಂತೆ ಮಾಡಿದೆವು. "ಇರಲಿ ಬಿಡಿ, ಯಾರೋ ಗೆದ್ದಿರ್ತಾರೆ," ಎಂದು ಎದ್ದು ಕೈ ತೊಳೆಯಲು ಹೋದರು. ಮಧ್ಯಾಹ್ನದ ಸೆಕೆಯಲ್ಲಿ ಅವರ ತಲೆಯ ಮೇಲಿನ ಫ್ಯಾನು ನಿಲ್ಲಿಸಿದೆವು. ಬೆವರು ಒರೆಸಿಕೊಳ್ಳುತ್ತಾ, ಬೆವರುವುದು ಮೈಗೆ ಒಳ್ಳೆಯದು ಎಂದರು. ಮೊಬೈಲ್ ಸಿಗ್ನಲ್ ಸಿಗದ ಕೋಣೆಯಲ್ಲಿ ಕೂರಿಸಿದೆವು. ಕಣ್ಣು ಮುಚ್ಚಿ ಧ್ಯಾನ ಮಾಡಿದರು. ನನಗಂತೂ ಒಳಗೊಳಗೇ ಆ ಮನುಷ್ಯನ ಮೇಲೆ ಗೌರವ ಬಂತು. ನನ್ನ ಜಾತಿಯವನೇ ಅನ್ನಿಸಿತು, ಹೊಡೆಯದವರ ಜಾತಿ.

ದಾರಿ ಕಂಡವನು ಮೈಕ್‌ಸೆಟ್ಟಿನ ಖಾಸಿಂ. ಮದುವೆ ಮುಂಜಿ ಭಾಷಣಕ್ಕೆಲ್ಲ ಅವನದೇ ಮೈಕು. "ಭಾಳ ಭಾಷಣ ಕೇಳಿದೀನಿ ನಾನು," ಎಂದ. "ಸೆಕೆ ತಡಕೊಳ್ತಾರೆ, ಹಸಿವು ತಡಕೊಳ್ತಾರೆ. ತಮ್ಮ ಹೆಸರು ಬರೋ ಜಾಗದಾಗೆ ಮೈಕು ನಿಂತರೆ ಮಾತ್ರ ತಡಕೊಳ್ಳೋರನ್ನ ನಾನು ಕಂಡಿಲ್ಲ. ಅದೊಂದು ನನಗೆ ಬಿಡ್ರಿ."

ಸನ್ಮಾನದ ಹಿಂದಿನ ದಿನವೆಲ್ಲ ಊರು ತಂತಿ ಕಟ್ಟಿತು. ಹಾಲಮ್ಮನ ಮನೆಯಲ್ಲಿ ಟಿವಿಯಿಂದ ಮಿಕ್ಸಿಗೆ, ಮಿಕ್ಸಿಯಿಂದ ಫ್ರಿಜ್ಜಿಗೆ, ಬ್ಯಾಟರಿ, ಫ್ಯಾನು, ಕಂಪ್ಯೂಟರು, ಒಂದನ್ನೂ ಬಿಡದೆ ಹೆಣೆದೆವು. ನವಾರು ಹೆಣೆದ ಕೈ, ನನಗದು ಕಷ್ಟವಾಗಲಿಲ್ಲ. ಕೋಳಿಯನ್ನು ಮಾತ್ರ ಎಬ್ಬಿಸಬೇಕಾಯಿತು. ಅದು ಬಹಳ ಹೊತ್ತು ನಮ್ಮನ್ನು ಬೈಯಿತು. ಹಾಲಮ್ಮನ ಕಿಟಕಿಯಿಂದ ಮೈದಾನದ ವೇದಿಕೆಯವರೆಗೂ ತಂತಿ ಎಳೆದು, ಅದಕ್ಕೆ ಮಾವಿನೆಲೆ ಕಟ್ಟಿ ತೋರಣ ಮಾಡಿದೆವು. ತಂತಿಯ ತುದಿ ಮೈಕಿಗೆ, ಎಲ್ಲ ಒಂದೇ ಏಟಿನ ಲೆಕ್ಕ.

ಪ್ರಫುಲ್ಲಚಂದ್ರರು ಕಾರಿನಿಂದ ಇಳಿದು ತೋರಣ ನೋಡಿ ನಿಂತರು. "ಎಷ್ಟು ಪ್ರೀತಿಯಿಂದ ಕಟ್ಟಿದ್ದೀರಿ. ಎಲ್ಲಿಂದ ಬರ್ತಿದೆ ಇದು?"

"ಹಾಲಮ್ಮನ ಮನೆಯಿಂದ ಸಾಹೇಬ್ರೆ," ಎಂದ ತಿಪ್ಪೇಶಿ. ಅದು ನಿಜವೇ ತಾನೆ.

ಮೊದಲೇ ಒಂದು ಗಂಡಾಂತರ ತಪ್ಪಿತು. ನಮ್ಮೂರಲ್ಲಿ ಮೈಕನ್ನು ಬೆರಳಿನಿಂದ ತಟ್ಟಿ ನೋಡುವುದಿಲ್ಲ, ಊದಿ ನೋಡುತ್ತೇವೆ. ಆದರೆ ಸಭೆಗೆ ಬಂದ ಸರ್ಕಾರದ ಅಧಿಕಾರಿಯೊಬ್ಬರು ಸ್ವಾಗತಕ್ಕೆ ಎದ್ದು, ಬೇರೆ ಊರಿನ ರೂಢಿಯಂತೆ ಬೆರಳು ಮಡಚಿ ಮೈಕಿನ ಹತ್ತಿರ ತಂದರು. ಹಾಲಮ್ಮ ಮುಂದಿನ ಸಾಲಿನಲ್ಲಿದ್ದವಳು ಎದ್ದು ನಿಂತೇಬಿಟ್ಟಳು. ಖಾಸಿಂ ವೇದಿಕೆಗೆ ಹಾರಿ, ಅವರ ಕೊರಳಿಗೆ ಒಂದು ಹೂವಿನ ಹಾರ ಹಾಕಿ, ಕೈ ಎರಡನ್ನೂ ಹಿಡಿದು ಕುಲುಕಿ, ಕುಲುಕುತ್ತಲೇ ಅವರನ್ನು ಕುರ್ಚಿಗೆ ಕೂರಿಸಿದ. ಆ ಅಧಿಕಾರಿಗೆ ಅಂಥ ಮರ್ಯಾದೆ ಎಲ್ಲೂ ಸಿಕ್ಕಿರಲಾರದು. ಸ್ವಾಗತ ಭಾಷಣ ಮರೆತು, ಹಾರ ಮುಟ್ಟಿ ನೋಡಿಕೊಳ್ಳುತ್ತಾ ಕೂತರು.

ಆಮೇಲೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಸಾಹೇಬರು ಮಾತಿಗೆ ನಿಂತರು. ಭೂಮಿತಾಯಿಯ ಬಗ್ಗೆ ಹೇಳಿದರು, ಮುಂದಿನ ಪೀಳಿಗೆಯ ಬಗ್ಗೆ ಹೇಳಿದರು, ಮೈಕು ಗಂಟೆಯ ಹಾಗೆ ಮೊಳಗಿತು. ಖಾಸಿಂ ವೇದಿಕೆಯ ಪಕ್ಕದಲ್ಲಿ, ಒಂದು ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಮುಗಿಲು ನೋಡುತ್ತಾ ಕೂತಿದ್ದ.

"ಈ ಊರಿನ ಯಂತ್ರಗಳಿಗೆಲ್ಲ ಇವತ್ತು ಯಾರು ಹೊಣೆ ಅಂತ ಕೇಳಿದರೆ, ಈ ಸಾಧನೆಯ ಹಿಂದಿರುವ ವ್ಯಕ್ತಿ," ಎಂದರು ಸಾಹೇಬರು. ಮೈಕು ನಿಂತಿತು. ತುಟಿ ಅಲುಗಿತು, ಮಾತು ಕೇಳಲಿಲ್ಲ.

ಅವರು ನಕ್ಕರು. ಮೈಕು ಸರಿಹೋಯಿತು. ಮತ್ತೆ ಅದನ್ನೇ ಹೇಳಿದರು, ಮತ್ತೆ ಅಲ್ಲಿಗೇ ನಿಂತಿತು. ಈ ಸಲ ನಗಲಿಲ್ಲ. ಮೈಕಿಗೆ ಬಾಗಿ ಮೆಲ್ಲಗೆ, ದಯವಿಟ್ಟು ಎಂದರು. ಅದು ನಮಗೆಲ್ಲ ಜೋರಾಗಿ ಕೇಳಿಸಿತು. ಶಾಲು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಮೂರನೇ ಸಲ ಶುರುಮಾಡಿದರು. "ಈ ಊರಿನ ಯಂತ್ರಗಳಿಗೆಲ್ಲ ಯಾರು ಹೊಣೆ ಅಂತ ಕೇಳಿದರೆ..." ಮತ್ತೆ ಸದ್ದಿಲ್ಲ. ಅವರ ಕಿವಿ ಕೆಂಪಾಯಿತು. ಮೈಕನ್ನು ನೋಡಿದರು, ಜನರನ್ನು ನೋಡಿದರು, ತಮ್ಮ ಬಲಗೈಯನ್ನು ಯಾರದೋ ಕೈ ಎಂಬಂತೆ ನೋಡಿದರು. ಹಾಲಮ್ಮ ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡಿದ್ದಳು.

ಸಾಹೇಬರು ಅಂಗೈ ಅಗಲಿಸಿ ಮೈಕಿನ ನೆತ್ತಿಗೆ ಫಟ್ಟೆಂದು ಒಂದು ಏಟು ಹಾಕಿದರು.

ಖಾಸಿಂ ಹೆಬ್ಬೆರಳು ತೆಗೆದ. ಮೈದಾನದ ಆ ಕೊನೆಯವರೆಗೂ ಸ್ಪಷ್ಟವಾಗಿ ಕೇಳುವಂತೆ, ಪ್ರಫುಲ್ಲಚಂದ್ರರು, "ನಾನು," ಎಂದರು.

ಚಪ್ಪಾಳೆ ನಿಲ್ಲಲೇ ಇಲ್ಲ. ಮುದುಕರು ಶಿಳ್ಳೆ ಹಾಕಿದರು. ತಿಪ್ಪೇಶಿ ಕಣ್ಣೊರೆಸಿಕೊಂಡ. ತಮ್ಮ ಭಾಷಣಕ್ಕೆ ಯಾವ ಊರೂ ಹೀಗೆ ಕರಗಿರಲಿಲ್ಲವೆಂದು ಸಾಹೇಬರಿಗೂ ಕಣ್ಣು ತುಂಬಿತು. ಅವರು ಅಂದೇ ಕಾರು ಹತ್ತಿ ರಾಜಧಾನಿಗೆ ಹೋದರು.

ಬೆಳಗ್ಗೆ ಹಾಲಮ್ಮ ಕರೆದಳು. ಹೋಗಿ ನೋಡಿದರೆ ಪಡಸಾಲೆ ಅಷ್ಟು ದೊಡ್ಡದೆಂದು ನನಗೆ ನೆನಪೇ ಇರಲಿಲ್ಲ. ಮಾತಾಡಿದರೆ ಗೋಡೆ ತಿರುಗಿ ಮಾತಾಡುತ್ತಿತ್ತು. ನೆಲದ ಮೇಲೆ ಟಿವಿಗಳ ಚೌಕಾಕಾರದ ಗುರುತು, ಒಂದು ಮೂಲೆಯಲ್ಲಿ ಭತ್ತದ ಗುಡ್ಡೆ, ಅದರ ಪಕ್ಕ ಮೊಟ್ಟೆಗಳ ಮೇಲೆ ಕೂತ ಕೋಳಿ. ಖಾಸಿಂನ ಮೈಕು ಮಾತ್ರ ಎಲ್ಲೂ ಹೋಗಿರಲಿಲ್ಲ. ಅದು ಕೆಟ್ಟಿರಲಿಲ್ಲವಲ್ಲ. ಹಾಲಮ್ಮ ಸಗಣಿ ಕಲಸಿ ನೆಲ ಸಾರಿಸಿದಳು, ಗೋಡೆಗೆ ಸುಣ್ಣ ಬಳಿದಳು, ಹುಳಿ ವಾಸನೆ ಹೋಗುವವರೆಗೂ ಕಿಟಕಿ ತೆರೆದಿಟ್ಟಳು. ಆಮೇಲೆ ಬೀಗರಿಗೆ ಹೇಳಿಕಳಿಸಿದಳು. ದಾಕ್ಷಾಯಣಮ್ಮ ತಾವೇ ಸೊಸೆಯನ್ನು ಕರೆತಂದು, ಕೋಣೆಯ ನಡುವೆ ನಿಂತು ಮೂಗರಳಿಸಿ ನೋಡಿ, "ಮಂಚ ಎಲ್ಲಿ?" ಎಂದರು. ನಾನು ಮಂಚ ಹೊತ್ತು ತಂದೆ.

ತಾರಾಳಿಗೆ ಹೆಣ್ಣುಮಗು ಆಯಿತು. ಮಗುವಿನ ನಾಮಕರಣ ಮುಗಿದ ಮೇಲೆ ಪ್ರಫುಲ್ಲಚಂದ್ರರು ಇನ್ನೊಮ್ಮೆ ಬಂದರು, ಸನ್ಮಾನವಿಲ್ಲದೆ, ಸ್ವಲ್ಪ ಇಳಿದುಹೋಗಿದ್ದರು. ರಾಜಧಾನಿಯ ಅವರ ಮನೆಯಲ್ಲಿ ಹೆಂಡತಿ ಎರಡು ಫ್ರಿಜ್ಜುಗಳ ನಡುವೆ ಮಲಗುತ್ತಿದ್ದರಂತೆ. ಗೋಡೌನಿಗೆ ಎಷ್ಟು ಸಲ ಕಳಿಸಿದರೂ ಬೆಳಗಾದರೆ ಮತ್ತೆ ಬಂದು ಕೂರುತ್ತಿದ್ದವಂತೆ. ಬೇರೆ ದಾರಿ ಕಾಣದೆ ಗೋಡೌನಿನಲ್ಲಿ ಬಿಚ್ಚುವ ಶೆಡ್ಡು ಹಾಕಿಸಿ, ಹೊಗೆ ಎಳೆಯುವ ಕೊಳವೆ ಇಡಿಸಿ, ಕೆಲಸದವರಿಗೆ ಕೈಗವಸು ಮೂಗುಬಟ್ಟೆ ಕೊಟ್ಟು, ಒಂದೊಂದಾಗಿ ಬಿಚ್ಚಿಸಿದರಂತೆ. ಬಿಚ್ಚಿದ್ದು ಮತ್ತೆ ಬರಲಿಲ್ಲ. ಈಗ ನಮ್ಮೂರ ಪೆಟ್ಟಿಗೆಗೆ ಬಿದ್ದದ್ದೂ ಅದೇ ಶೆಡ್ಡಿಗೆ ಹೋಗುತ್ತದೆ.

ಹೊರಡುವಾಗ ಹಾಲಮ್ಮನ ಮುಂದೆ ನಿಂತು ತಲೆ ತಗ್ಗಿಸಿ, "ಅಮ್ಮ, ಆ ಮದರಂಗಿ ಕೈ ಗುರುತು ನೋಡಿದೆ," ಎಂದರು.

"ತುಂಬಾ ಮನೆಗಳಲ್ಲಿ ಹಾಕ್ತಾರಲ್ಲ ಸಾಹೇಬ್ರೆ," ಎಂದು ಹಾಲಮ್ಮ ಮಜ್ಜಿಗೆ ಕೊಟ್ಟಳು.

ಹಾಲಮ್ಮ ಈಗ ಮತ್ತೆ ಕರೆದವರ ಮನೆಗೆ ಹೋಗಿ ಟಿವಿಗೆ ಹೊಡೆಯುತ್ತಾಳೆ. ಹೋಗುವಾಗ, ತನ್ನ ಮನೆಯಲ್ಲೇ ಬೆಳೆಯುತ್ತಿರುವ ಮೊಮ್ಮಗಳನ್ನು ನನ್ನ ಜಗಲಿಯಲ್ಲಿ ಬಿಟ್ಟು ಹೋಗುವುದು ರೂಢಿ. ಮಗುವಿಗೆ ಈಗ ಕೂರಲು, ಹರಿದಾಡಲು ಬರುತ್ತದೆ. ಮೊನ್ನೆ ನನ್ನ ರೇಡಿಯೊ ಒಂದು ಒಳ್ಳೆಯ ಹಾಡಿನ ನಡುವೆ ಸುಮ್ಮನಾಯಿತು. ನಾನು ಎಂದಿನಂತೆ ಸುಮ್ಮನೆ ಕಾಯುತ್ತಿದ್ದೆ. ಮಗು ಅಂಬೆಗಾಲಿಟ್ಟು ಬಂದು, ಅದರ ಮುಖ ನೋಡಿ, ಬಲಗೈ ಅಗಲಿಸಿ ಪಕ್ಕೆಗೆ ಒಂದು, ನೆತ್ತಿಗೆ ಒಂದು ಬಾರಿಸಿತು. ಅಜ್ಜಿಯದೇ ಕೈ. ರೇಡಿಯೊ ಬಿಟ್ಟ ಕಡೆಯಿಂದ ಹಾಡು ಎತ್ತಿಕೊಂಡಿತು.

ದಾರಿಯಲ್ಲಿ ಹೋಗುತ್ತಿದ್ದ ತಿಪ್ಪೇಶಿ ಅದನ್ನು ಕಂಡು ನಿಂತ. ಇನ್ನು ಪಂಚಾಯಿತಿಗೆ ಆ ಚಿಂತೆ ತಪ್ಪಿತು ಎಂದು ಕೈ ಮುಗಿದು ಹೋದ. ಮಗು ಇನ್ನೊಂದು ಏಟಿಗೆ ಕೈ ಎತ್ತಿತು. ನಾನು ರೇಡಿಯೊವನ್ನು ಅದರ ಹತ್ತಿರಕ್ಕೆ ಸ್ವಲ್ಪ ಸರಿಸಿದೆ. ನನ್ನ ಕಾಲ ಮುಗಿದ ಮೇಲೆ ರೇಡಿಯೊಗೆ ಬಹಳ ದೂರ ನಡೆಯುವ ಕಷ್ಟವೂ ಇಲ್ಲ, ಪಕ್ಕದ ಮನೆಯ ಜಗಲಿ ಅಷ್ಟೆ.